ಕಳುಹಿಸುವ ಮೊದಲು ಓದುವವರ ಕಣ್ಣಿನಿಂದ ನೋಡಿ



ಕಳೆದ ವರ್ಷ ನನ್ನ ಅಮ್ಮಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ವಯಸ್ಸಾದವರಿರುವ ಮನೆಗಳಲ್ಲಿ ಇದು ಹೊಸ ಸಂಗತಿಯೇನಲ್ಲ. ಶಸ್ತ್ರಚಿಕಿತ್ಸೆ ಬೇಗ ಮುಗಿಯುತ್ತದೆ. ಆದರೆ ಆಮೇಲೆ ಕಣ್ಣಿಗೆ ಹನಿ ಹಾಕುವ ಕೆಲಸವಿದೆಯಲ್ಲ, ಅದು ವಾರಗಟ್ಟಲೆ ನಡೆಯುತ್ತದೆ. ಯಾವ ಬಾಟಲಿ, ಎಷ್ಟು ಹನಿ, ಎಷ್ಟು ಹೊತ್ತಿಗೆ ಎಂಬುದೆಲ್ಲ ಲೆಕ್ಕ ತಪ್ಪದೆ ಆಗಬೇಕು.

ನಾಲ್ಕನೇ ದಿನ ನಾನು ಪರಊರಿಗೆ ಹೋಗಲೇಬೇಕಾಯಿತು. ಅಮ್ಮಿಯನ್ನು ನೋಡಿಕೊಳ್ಳಲು ಆಪಾರ ಮಗಳು ಬಂದಳು. ಕಾಲೇಜಿಗೆ ಹೋಗುವ ಹುಡುಗಿ, ಬಹಳ ಜವಾಬ್ದಾರಿಯವಳು. ಅವಳಿಗೆ ಗೊಂದಲವಾಗಬಾರದೆಂದು ನಾನು ಹಿಂದಿನ ರಾತ್ರಿ ಕಂಪ್ಯೂಟರಿನಲ್ಲಿ ಒಂದು ಪಟ್ಟಿ ಮಾಡಿದೆ. ಮೇಲೆ 'ಗಂಟೆ' ಎಂದು ಶೀರ್ಷಿಕೆ ಕೊಟ್ಟು, ಕೆಳಗೆ ಒಂದೊಂದು ಸಾಲಿನ ಆರಂಭದಲ್ಲಿ 8, 11, 2, 5, 8 ಎಂದು ಹೊತ್ತನ್ನು ಬರೆದು, ಪ್ರತಿ ಅಂಕಿಯ ಮುಂದೆ ಒಂದು ಚುಕ್ಕಿ ಇಟ್ಟು, ಹಾಕಬೇಕಾದ ಹನಿಯನ್ನು ನಮೂದಿಸಿದೆ. ಅದನ್ನು ಪುಟವಾಗಿ ಮಾಡಿ ಅವಳ ಮೊಬೈಲಿಗೆ ಕಳುಹಿಸಿ, ನಿಶ್ಚಿಂತೆಯಿಂದ ಬಸ್ಸು ಹತ್ತಿದೆ.

ಬೆಳಗ್ಗೆ ಒಂಬತ್ತಕ್ಕೆ ಫೋನು ಬಂತು. "ಖಾಲಾ, ಎಂಟಕ್ಕೆ ನಾನಿಗೆ ಹನಿ ಹಾಕಿದೆ. ಈಗ ಒಂಬತ್ತಾಯಿತು. ಮತ್ತೆ ಹಾಕಬೇಕಾ? ಗಂಟೆಗೊಮ್ಮೆ ಅಂತ ಬರೆದಿದ್ದೀರಲ್ಲ?"

ನನ್ನ ಎದೆ ಧಸಕ್ಕೆಂದಿತು. ಗಂಟೆಗೊಮ್ಮೆ ಎಂದು ನಾನು ಬರೆದಿರಲೇ ಇಲ್ಲ. ಮೊಬೈಲ್ ತೆಗೆದು, ಅವಳಿಗೆ ಕಳುಹಿಸಿದ ಪುಟವನ್ನು ಮೊದಲ ಬಾರಿಗೆ ತೆರೆದು ನೋಡಿದೆ. ಅಲ್ಲಿ 8, 9, 10, 11, 12 ಎಂದಿತ್ತು! ರಾತ್ರಿ ಎಂಟರವರೆಗೆ ಹರಡಬೇಕಿದ್ದ ಹನಿಗಳೆಲ್ಲ ಮಧ್ಯಾಹ್ನ ಹನ್ನೆರಡಕ್ಕೇ ಮುಗಿದುಹೋಗುವ ಹಾಗಿತ್ತು. ಆ ಹುಡುಗಿ ಕೇಳದೆ ಸುಮ್ಮನೆ ಪಾಲಿಸಿದ್ದರೆ ಗತಿಯೇನು? ಬೆಳಗ್ಗೆ ಗಂಟೆಗೊಂದು ಹನಿ, ಆಮೇಲೆ ಮರುದಿನದವರೆಗೆ ಕಣ್ಣಿಗೆ ಔಷಧವೇ ಇಲ್ಲ.

ಊರಿನಿಂದ ಮರಳಿದ ಮೇಲೆ ನಾನು ಬೆರಳಚ್ಚು ಮಾಡಿದ ಮೂಲ ಕಡತವನ್ನು ತೆರೆದೆ. ಅಲ್ಲಿ 8, 11, 2, 5, 8 ಎಂದು ಸರಿಯಾಗಿಯೇ ಇತ್ತು. ಹಾಗಾದರೆ ತಪ್ಪಿದ್ದು ಯಾರು? ಕಂಪ್ಯೂಟರ್ ತನ್ನ ನಿಯಮದಂತೆಯೇ ನಡೆದುಕೊಂಡಿತ್ತು. ತಪ್ಪಿದ್ದು ನಾನೇ. ಬರೆದದ್ದನ್ನು ನೋಡಿದ್ದೆ, ಆದರೆ ಓದುವವಳಿಗೆ ಅದು ಹೇಗೆ ಕಾಣುತ್ತದೆಂದು ನೋಡಿರಲಿಲ್ಲ. ಈ ತಿಂಗಳು ಅದರ ಬಗ್ಗೆಯೇ ಮಾತನಾಡೋಣ.

ಗುರುತು ಹಾಕಿ ಬರೆಯುವುದು ಎಂದರೇನು?

ನಿಮ್ಮಲ್ಲಿ ಬಹಳಷ್ಟು ಮಂದಿಗೆ ಇದು ಈಗಾಗಲೇ ಗೊತ್ತಿದೆ, ಹೆಸರು ಮಾತ್ರ ಗೊತ್ತಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಒಂದು ಪದದ ಹಿಂದೆ ಮುಂದೆ ನಕ್ಷತ್ರದ ಗುರುತು (*) ಹಾಕಿ ಕಳುಹಿಸಿದರೆ ಆ ಪದ ದಪ್ಪಗಾಗುತ್ತದೆ, ನಕ್ಷತ್ರಗಳು ಮಾಯವಾಗುತ್ತವೆ. ವಾಟ್ಸ್‌ಆ್ಯಪ್‌ಗೆ ಈ ಸೌಲಭ್ಯ ಬಂದದ್ದು 2016ರಲ್ಲಿ. ಇಂತಹ ಚಿಕ್ಕಚಿಕ್ಕ ಗುರುತುಗಳಿಂದಲೇ ಇಡೀ ಲೇಖನವನ್ನು, ಪಟ್ಟಿಯನ್ನು, ಪುಸ್ತಕವನ್ನೂ ಸಿದ್ಧಪಡಿಸಬಹುದು. ಈ ರೀತಿಯ ಬರಹಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಮಾರ್ಕ್‌ಡೌನ್.

ಇದನ್ನು 2004ರಲ್ಲಿ ಅಮೆರಿಕದ ಜಾನ್ ಗ್ರೂಬರ್ ಎಂಬ ಬರಹಗಾರ ಹೊರತಂದರು. ಅದರ ನಿಯಮಗಳನ್ನು ರೂಪಿಸಲು ನೆರವಾದವರಲ್ಲಿ ಆರನ್ ಸ್ವಾರ್ಟ್ಜ್ ಮುಖ್ಯರು. ಆಗ ಅವರಿಗೆ ಕೇವಲ 17 ವರ್ಷ! ಅಂತರಜಾಲದ ಪುಟಗಳನ್ನು ಬರೆಯುವ ಭಾಷೆಯಾದ ಎಚ್‌ಟಿಎಂಎಲ್ ಕಣ್ಣಿಗೆ ಬಹಳ ಕಷ್ಟ. ಪ್ರತಿಯೊಂದು ಸಾಲಿಗೂ ಬಾಣದಂತಹ ಆವರಣ, ಅದರೊಳಗೆ ಸಂಕೇತಗಳು. ಇವುಗಳ ನಡುವೆ ಬರಹವೇ ಕಳೆದುಹೋಗುತ್ತದೆ. ಗುರುತು ಹಾಕಿದ ಬರಹವನ್ನು ಹಾಗೆಯೇ ಓದಿದರೂ ಅರ್ಥವಾಗಬೇಕು, ಪುಟವಾಗಿ ಪರಿವರ್ತಿಸಿದರೂ ಚೆನ್ನಾಗಿ ಕಾಣಬೇಕು ಎಂಬುದು ಗ್ರೂಬರ್ ಅವರ ಉದ್ದೇಶವಾಗಿತ್ತು. ಮುಂದೆ ಬೇರೆ ಬೇರೆ ತಂತ್ರಾಂಶಗಳು ಬೇರೆ ಬೇರೆ ರೀತಿ ಅರ್ಥ ಮಾಡತೊಡಗಿದಾಗ, ನಿಯಮಗಳನ್ನು ಸ್ಪಷ್ಟವಾಗಿ ಬರೆದಿಡಲು 2014ರಲ್ಲಿ ಕಾಮನ್‌ಮಾರ್ಕ್ ಎಂಬ ಪ್ರಯತ್ನ ಆರಂಭವಾಯಿತು.

ಗುರುತುಗಳನ್ನು ಕಲಿಯಲು ಒಂದು ಮಧ್ಯಾಹ್ನ ಸಾಕು. ಸಾಲಿನ ಆರಂಭದಲ್ಲಿ # ಹಾಕಿ ಒಂದು ಜಾಗ ಬಿಟ್ಟು ಬರೆದರೆ ದೊಡ್ಡ ಶೀರ್ಷಿಕೆ. ## ಹಾಕಿದರೆ ಅದಕ್ಕಿಂತ ಚಿಕ್ಕ ಶೀರ್ಷಿಕೆ. ಪದದ ಎರಡೂ ಬದಿಗೆ ಎರಡೆರಡು ನಕ್ಷತ್ರ ಹಾಕಿದರೆ ದಪ್ಪ ಅಕ್ಷರ. ಒಂದೊಂದೇ ಹಾಕಿದರೆ ಓರೆ ಅಕ್ಷರ. ವಾಟ್ಸ್‌ಆ್ಯಪ್‌ನಲ್ಲಿ ಒಂದೇ ನಕ್ಷತ್ರಕ್ಕೆ ದಪ್ಪವಾಗುತ್ತದೆ, ಇಲ್ಲಿ ಹಾಗಲ್ಲ ಎಂಬುದನ್ನು ಗಮನಿಸಿ. ಸಾಲಿನ ಆರಂಭದಲ್ಲಿ ಅಡ್ಡಗೆರೆ (-) ಹಾಕಿ ಜಾಗ ಬಿಟ್ಟರೆ ಚುಕ್ಕಿಗಳ ಪಟ್ಟಿ. 1 ಬರೆದು ಚುಕ್ಕಿಯಿಟ್ಟು ಜಾಗ ಬಿಟ್ಟರೆ ಸಂಖ್ಯೆಗಳ ಪಟ್ಟಿ. ಒಂದು ಪ್ಯಾರಾದಿಂದ ಇನ್ನೊಂದಕ್ಕೆ ಹೋಗಲು ನಡುವೆ ಒಂದು ಖಾಲಿ ಸಾಲು. ಕಡತದ ಹೆಸರಿನ ಕೊನೆಗೆ ಚುಕ್ಕಿಯಿಟ್ಟು ಇಂಗ್ಲಿಷಿನ 'ಎಂ' ಮತ್ತು 'ಡಿ' ಅಕ್ಷರಗಳನ್ನು ಬರೆದು ಉಳಿಸಿದರಾಯಿತು.

ಮುನ್ನೋಟ ಯಾಕೆ ಬೇಕು?

ಮನೆಯಲ್ಲಿ ಹೊಲಿಗೆ ಮಾಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಬಟ್ಟೆಯ ಒಳಬದಿಯಲ್ಲಿ ನಾವು ಸೀಮೆಸುಣ್ಣದಿಂದ ಗೆರೆ ಎಳೆಯುತ್ತೇವೆ, ಕಚ್ಚಾ ಹೊಲಿಗೆ ಹಾಕುತ್ತೇವೆ. ಆ ಗುರುತುಗಳು ನಮಗೆ ಮಾತ್ರ. ತೊಡುವವರಿಗೆ ಕಾಣುವುದು ಹೊರಬದಿ. ಒಳಬದಿ ಎಷ್ಟೇ ಅಚ್ಚುಕಟ್ಟಾಗಿದ್ದರೂ, ತಿರುಗಿಸಿ ಹಾಕಿ ನೋಡಿದಾಗಲೇ ತೋಳು ಬಿಗಿಯಾಗಿದೆಯೇ, ಕುತ್ತಿಗೆ ಸರಿಯಿದೆಯೇ ಎಂದು ತಿಳಿಯುವುದು. ಪೂರ್ತಿ ಹೊಲಿದು ಮುಗಿಸಿದ ಮೇಲೆ ನೋಡಿದರೆ ಬಿಚ್ಚುವ ಕೆಲಸ. ಹೊಲಿಯುತ್ತಲೇ ಆಗಾಗ ತಿರುಗಿಸಿ ನೋಡಿದರೆ ಸುಲಭ.

ಬರಹದಲ್ಲೂ ಹೀಗೆ ಹೊರಬದಿಯನ್ನು ಬರೆಯುತ್ತಲೇ ನೋಡುವ ವ್ಯವಸ್ಥೆಯನ್ನು ಮುನ್ನೋಟ ಎನ್ನುತ್ತಾರೆ. ಪರದೆಯನ್ನು ಎರಡು ಪಾಲು ಮಾಡಲಾಗುತ್ತದೆ. ಎಡಗಡೆ ನೀವು ಗುರುತು ಹಾಕಿ ಬರೆಯುತ್ತೀರಿ. ಬಲಗಡೆ ಅದೇ ಬರಹ ಬ್ರೌಸರಿನಲ್ಲಿ ಹೇಗೆ ಕಾಣುತ್ತದೋ ಹಾಗೆ ಆ ಕ್ಷಣವೇ ಮೂಡುತ್ತದೆ. ಎಡಗಡೆ ಒಂದು ಅಕ್ಷರ ಬದಲಿಸಿದರೆ ಬಲಗಡೆ ಪುಟ ಬದಲಾಗುತ್ತದೆ.

ಒಳಗೆ ನಡೆಯುವುದು ಇಷ್ಟೇ. ನೀವು ಕೀಲಿ ಒತ್ತಿದೊಡನೆ ಒಂದು ಚಿಕ್ಕ ತಂತ್ರಾಂಶ ನಿಮ್ಮ ಬರಹವನ್ನು ಓದುತ್ತದೆ. ಗುರುತುಗಳನ್ನು ಕಂಡಲ್ಲೆಲ್ಲ ಎಚ್‌ಟಿಎಂಎಲ್‌ಗೆ ಬದಲಾಯಿಸುತ್ತದೆ. ಬ್ರೌಸರ್ ಅದನ್ನು ಪುಟವಾಗಿ ಚಿತ್ರಿಸುತ್ತದೆ. ಮನೆಬಳಕೆಯ ಬರಹಗಳಿಗೆ ಇದೆಲ್ಲ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಇನ್ನು ಕೆಲವು ಸಾಧನಗಳು ನೀವು ಕಡತ ಉಳಿಸುವುದನ್ನೇ ಕಾಯುತ್ತಿರುತ್ತವೆ. ಉಳಿಸಿದೊಡನೆ, ಬದಲಾಗಿದೆ, ಮತ್ತೆ ತೋರಿಸು ಎಂದು ಬ್ರೌಸರಿಗೆ ತಿಳಿಸುತ್ತವೆ. ಆಗ ಬ್ರೌಸರಿನ ವಿಳಾಸಪಟ್ಟಿಯಲ್ಲಿ 'ಲೋಕಲ್‌ಹೋಸ್ಟ್' ಎಂದೋ 127.0.0.1 ಎಂದೋ ಕಂಡರೆ ಗಾಬರಿಯಾಗಬೇಡಿ. ಅದು ನಿಮ್ಮದೇ ಕಂಪ್ಯೂಟರಿನ ವಿಳಾಸ.

ಎಲ್ಲಿ ಸಿಗುತ್ತದೆ?

ಎರಡು ದಾರಿಗಳನ್ನು ಹೇಳುತ್ತೇನೆ. ಎರಡಕ್ಕೂ ಹಣ ಕೊಡಬೇಕಿಲ್ಲ.

ಮೊದಲನೆಯದು, ಬ್ರೌಸರಿನಲ್ಲೇ ಕೆಲಸ ಮಾಡುವ ಸ್ಟ್ಯಾಕ್‌ಎಡಿಟ್. ಏನನ್ನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ತೆರೆದರೆ ಒಂದು ಬದಿ ಬರೆಯಲು, ಇನ್ನೊಂದು ಬದಿ ನೋಡಲು. ಮುಗಿದ ಮೇಲೆ ಅದನ್ನು ಎಚ್‌ಟಿಎಂಎಲ್ ಪುಟವಾಗಿ ಇಳಿಸಿಕೊಂಡು, ಬ್ರೌಸರಿನಲ್ಲಿ ತೆರೆದು, ಅಲ್ಲಿಂದ ಮುದ್ರಿಸಬಹುದು ಅಥವಾ ಪಿಡಿಎಫ್ ಮಾಡಬಹುದು. ಆದರೆ ಒಂದು ಮುಖ್ಯ ಎಚ್ಚರಿಕೆ ಇದೆ. ಇಲ್ಲಿ ಬರೆದದ್ದು ಮೊದಲು ಆ ಬ್ರೌಸರಿನ ಒಳಗೇ ಉಳಿದಿರುತ್ತದೆ. ಮಕ್ಕಳು ಯಾರಾದರೂ ಬ್ರೌಸರಿನ ಸಂಗ್ರಹವನ್ನೆಲ್ಲ ಅಳಿಸಿದರೆ ನಿಮ್ಮ ಬರಹವೂ ಹೋಗಬಹುದು. ಆದ್ದರಿಂದ ಪ್ರತಿ ಸಲವೂ ಒಂದು ಪ್ರತಿಯನ್ನು ಕಡತವಾಗಿ ಕಂಪ್ಯೂಟರಿಗೆ ಇಳಿಸಿಟ್ಟುಕೊಳ್ಳಿ.

ಎರಡನೆಯದು, ಮೈಕ್ರೋಸಾಫ್ಟ್‌ನವರ ವಿಷುವಲ್ ಸ್ಟುಡಿಯೋ ಕೋಡ್. 2015ರಲ್ಲಿ ಬಂದ ಈ ತಂತ್ರಾಂಶ ಮುಖ್ಯವಾಗಿ ಪ್ರೋಗ್ರಾಂ ಬರೆಯುವವರದು. ನಿಮ್ಮ ಮಕ್ಕಳು ಕಂಪ್ಯೂಟರ್ ಓದುತ್ತಿದ್ದರೆ ಮನೆಯಲ್ಲಿ ಈಗಾಗಲೇ ಇರಬಹುದು. ಕಡತ ತೆರೆದು ಕಂಟ್ರೋಲ್ ಕೀಲಿಯ ಜೊತೆ 'ಕೆ' ಒತ್ತಿ, ಎರಡನ್ನೂ ಬಿಟ್ಟು 'ವಿ' ಒತ್ತಿದರೆ ಪಕ್ಕದಲ್ಲಿ ಮುನ್ನೋಟ ತೆರೆದುಕೊಳ್ಳುತ್ತದೆ. ಎಡಗಡೆ ಕೆಳಗಿಳಿದರೆ ಬಲಗಡೆಯೂ ಜೊತೆಗೇ ಇಳಿಯುತ್ತದೆ. ಮುನ್ನೋಟದ ಯಾವುದಾದರೂ ಸಾಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಮೂಲದ ಅದೇ ಸಾಲಿಗೆ ಹೋಗಬಹುದು. ತಪ್ಪು ಕಂಡಲ್ಲೇ ತಿದ್ದಲು ಇದು ಬಹಳ ಅನುಕೂಲ. 2021ರಿಂದ ಇದರದೇ ಒಂದು ರೂಪ ಬ್ರೌಸರಿನಲ್ಲೂ ಸಿಗುತ್ತಿದೆ.

ಇನ್ನೊಂದು ಮಾತು. ಕೆಲವು ಮುನ್ನೋಟದ ಸಾಧನಗಳು ನಿಮ್ಮ ಬರಹವನ್ನು ಹೊರಗಿನ ಕಂಪ್ಯೂಟರಿಗೆ ಕಳುಹಿಸಿ ಪುಟ ಮಾಡಿಸಿಕೊಂಡು ಬರುತ್ತವೆ. ಗ್ರಿಪ್ ಎಂಬ ಸಾಧನ ಹೀಗೆ ಗಿಟ್‌ಹಬ್‌ನ ನೆರವು ಪಡೆಯುತ್ತದೆ. ಅಡುಗೆಯ ವಿಧಾನವಾದರೆ ಚಿಂತೆಯಿಲ್ಲ. ಮನೆಮಂದಿಯ ಕಾಯಿಲೆ, ಹಣಕಾಸು, ಸಂಸಾರದ ವಿಷಯವಾದರೆ ನಿಮ್ಮ ಕಂಪ್ಯೂಟರಿನಲ್ಲೇ ಕೆಲಸ ಮುಗಿಸುವ ಸಾಧನವನ್ನು ಆರಿಸಿಕೊಳ್ಳಿ.

ಕನ್ನಡದಲ್ಲಿ ಬರೆಯುವವರು ಎಡವುವ ಜಾಗಗಳು

ಈಗ ಮುಖ್ಯ ವಿಷಯಕ್ಕೆ ಬರೋಣ. ಅಮ್ಮಿಯ ಹನಿಗಳ ಪಟ್ಟಿ ಯಾಕೆ ಹಾಗಾಯಿತು? ಸಾಲಿನ ಆರಂಭದಲ್ಲಿ ಅಂಕಿ, ಅದರ ಮುಂದೆ ಚುಕ್ಕಿ, ಆಮೇಲೆ ಜಾಗ ಇದ್ದರೆ ಮಾರ್ಕ್‌ಡೌನ್ ಅದನ್ನು ಕ್ರಮಸಂಖ್ಯೆ ಎಂದು ತಿಳಿಯುತ್ತದೆ. ಕಾಮನ್‌ಮಾರ್ಕ್ ನಿಯಮದ ಪ್ರಕಾರ ಮೊದಲ ಸಾಲಿನ ಅಂಕಿಗೆ ಮಾತ್ರ ಬೆಲೆ. ಉಳಿದ ಸಾಲುಗಳಲ್ಲಿ ನೀವು ಏನೇ ಅಂಕಿ ಬರೆದಿದ್ದರೂ ಅದು ಒಂದೊಂದು ಹೆಚ್ಚಿಸುತ್ತಾ ಹೋಗುತ್ತದೆ. ಪಟ್ಟಿಯ ನಡುವೆ ಹೊಸ ಸಾಲು ಸೇರಿಸಿದಾಗ ಎಲ್ಲ ಸಂಖ್ಯೆಗಳನ್ನೂ ತಿದ್ದುವ ಕಷ್ಟ ತಪ್ಪಲಿ ಎಂಬ ಒಳ್ಳೆಯ ಉದ್ದೇಶ ಅದರದು. ನನ್ನ 8 ಉಳಿಯಿತು. 11 ಹೋಗಿ 9 ಬಂತು. 2 ಹೋಗಿ 10 ಬಂತು. ಹೊತ್ತು, ಇಸವಿ, ಅಳತೆ ಯಾವುದನ್ನೂ ಸಾಲಿನ ಮೊದಲಿಗೆ ಈ ರೀತಿ ಚುಕ್ಕಿಯೊಂದಿಗೆ ಬರೆಯಬೇಡಿ. ಈಗ ನಾನು ಅಡ್ಡಗೆರೆ ಹಾಕಿ 'ಬೆಳಗ್ಗೆ 8 ಗಂಟೆಗೆ', 'ಮಧ್ಯಾಹ್ನ 2 ಗಂಟೆಗೆ' ಎಂದು ಬಿಡಿಸಿ ಬರೆಯುತ್ತೇನೆ. ಓದುವವರಿಗೂ ಅದೇ ಸ್ಪಷ್ಟ.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ತೊಂದರೆಯಿದೆ. ನೀವು ಕನ್ನಡ ಅಂಕಿಗಳಲ್ಲಿ ೧, ೨, ೩ ಎಂದು ಚುಕ್ಕಿಯಿಟ್ಟು ಬರೆದರೆ ಅದಕ್ಕೆ ಪಟ್ಟಿಯೆಂದೇ ಗೊತ್ತಾಗುವುದಿಲ್ಲ. ಇಂಗ್ಲಿಷ್ ಅಂಕಿಗಳನ್ನು ಮಾತ್ರ ಅದು ಗುರುತಿಸುತ್ತದೆ. ಎಲ್ಲ ಸಾಲುಗಳೂ ಒಂದಕ್ಕೊಂದು ಅಂಟಿಕೊಂಡು ಒಂದೇ ಪ್ಯಾರಾ ಆಗಿಬಿಡುತ್ತವೆ.

ಸಾಲುಗಳು ಅಂಟಿಕೊಳ್ಳುವ ಈ ಸಮಸ್ಯೆ ಅಡುಗೆ ಬರೆಯುವವರನ್ನು ಬಹಳ ಕಾಡುತ್ತದೆ. ಅಕ್ಕಿ ಒಂದು ಸೇರು, ಕೆಳಗೆ ಈರುಳ್ಳಿ ಆರು, ಅದರ ಕೆಳಗೆ ಮೊಸರು ಒಂದು ಬಟ್ಟಲು ಎಂದು ಎಂಟರ್ ಒತ್ತಿ ಬರೆದಿರುತ್ತೀರಿ. ಪುಟದಲ್ಲಿ ಅವೆಲ್ಲ ಒಂದರ ಹಿಂದೆ ಒಂದು ಒಂದೇ ಸಾಲಿನಲ್ಲಿ ಹರಿಯುತ್ತವೆ. ಒಂದು ಸಲ ಎಂಟರ್ ಒತ್ತಿದರೆ ಅದು ಬರೀ ಜಾಗ ಎಂದೇ ಲೆಕ್ಕ. ಪ್ರತಿ ಸಾಲಿಗೂ ಅಡ್ಡಗೆರೆ ಹಾಕಿ ಪಟ್ಟಿ ಮಾಡುವುದು ಸುಲಭ ಪರಿಹಾರ. ಕವನ ಬರೆಯುವವರಾದರೆ ಸಾಲಿನ ಕೊನೆಗೆ ಎರಡು ಖಾಲಿ ಜಾಗ ಬಿಟ್ಟು ಎಂಟರ್ ಒತ್ತಬೇಕು.

ಶಾಲೆಯಲ್ಲಿ ನಮಗೆಲ್ಲ ಪ್ಯಾರಾದ ಆರಂಭದಲ್ಲಿ ಸ್ವಲ್ಪ ಜಾಗ ಬಿಡಲು ಕಲಿಸಿದ್ದಾರಲ್ಲವೇ? ಇಲ್ಲಿ ಆ ಅಭ್ಯಾಸವೂ ತೊಂದರೆ ಕೊಡುತ್ತದೆ. ನಾಲ್ಕು ಅಥವಾ ಹೆಚ್ಚು ಜಾಗ ಬಿಟ್ಟು ಪ್ಯಾರಾ ಆರಂಭಿಸಿದರೆ ಮಾರ್ಕ್‌ಡೌನ್ ಅದನ್ನು ಕಂಪ್ಯೂಟರ್ ಪ್ರೋಗ್ರಾಂ ಎಂದು ಭಾವಿಸುತ್ತದೆ. ಆ ಸಾಲು ಒಂದು ಪೆಟ್ಟಿಗೆಯೊಳಗೆ ಕುಳಿತು, ಉದ್ದವಾಗಿದ್ದರೆ ಪುಟದ ಅಂಚಿನಾಚೆ ಮರೆಯಾಗಬಹುದು.

ಶೀರ್ಷಿಕೆಯ # ಗುರುತಿನ ನಂತರ ಜಾಗ ಬಿಡಲು ಮರೆತರೂ ಶೀರ್ಷಿಕೆ ಆಗುವುದಿಲ್ಲ. ಆ ಗುರುತು ಪುಟದಲ್ಲಿ ಹಾಗೆಯೇ ನಿಂತಿರುತ್ತದೆ.

ನಕ್ಷತ್ರದ ಗುರುತಿನ ಬಗ್ಗೆಯಂತೂ ಹೆಚ್ಚು ಎಚ್ಚರ ಬೇಕು. ಗುಳಿಗೆಯನ್ನು ಬೆಳಗ್ಗೆ ಒಂದು, ಮಧ್ಯಾಹ್ನ ಬೇಡ, ರಾತ್ರಿ ಒಂದು ಎನ್ನುವುದಕ್ಕೆ 1-0-1 ಎಂದು ಬರೆಯುವುದುಂಟು. ಅದನ್ನೇ ಯಾರಾದರೂ ಅಡ್ಡಗೆರೆಯ ಬದಲು ನಕ್ಷತ್ರ ಹಾಕಿ 1*0*1 ಎಂದು ಬರೆದರೆ, ಮಾರ್ಕ್‌ಡೌನ್ ಆ ನಕ್ಷತ್ರಗಳನ್ನು ನುಂಗಿ, ನಡುವಿನ ಸೊನ್ನೆಯನ್ನು ಓರೆ ಮಾಡಿ, 101 ಎಂದು ತೋರಿಸುತ್ತದೆ!

ನಮ್ಮ ಕನ್ನಡಕ್ಕೇ ವಿಶೇಷವಾಗಿ ತಟ್ಟುವ ಒಂದು ತೊಡಕೂ ಇದೆ. ಇಂಗ್ಲಿಷಿನಲ್ಲಿ ಪದಗಳ ನಡುವೆ ಜಾಗವಿರುತ್ತದೆ. ನಾವು ಪದಕ್ಕೆ 'ಯನ್ನು', 'ದಲ್ಲಿ', 'ಗೆ' ಎಂದು ಪ್ರತ್ಯಯಗಳನ್ನು ಅಂಟಿಸುತ್ತೇವೆ. ಬರೀ ಪದವನ್ನು ದಪ್ಪ ಮಾಡಿ ಪ್ರತ್ಯಯ ಅಂಟಿಸಿದರೆ ತೊಂದರೆಯಿಲ್ಲ. ಆದರೆ ಜೀರಿಗೆ (ಹುರಿದದ್ದು) ಎಂಬುದರ ಎರಡೂ ಬದಿಗೆ ಎರಡೆರಡು ನಕ್ಷತ್ರ ಹಾಕಿ, ಕೊನೆಗೆ 'ಯನ್ನು' ಅಂಟಿಸಿ ಬರೆದು ನೋಡಿ. ಮುಚ್ಚುವ ನಕ್ಷತ್ರಗಳ ಹಿಂದೆ ಆವರಣ ಚಿಹ್ನೆ, ಮುಂದೆ ಅಕ್ಷರ ಇರುವುದರಿಂದ ಅವು ಮುಚ್ಚುವ ಗುರುತುಗಳೆಂದು ಅದಕ್ಕೆ ಅನಿಸುವುದಿಲ್ಲ. ನಾಲ್ಕೂ ನಕ್ಷತ್ರಗಳು ಪುಟದಲ್ಲಿ ಹಾಗೇ ಉಳಿಯುತ್ತವೆ. ಪ್ರತ್ಯಯವನ್ನೂ ನಕ್ಷತ್ರಗಳ ಒಳಗೇ ಸೇರಿಸಿಬಿಟ್ಟರೆ ಸರಿಹೋಗುತ್ತದೆ.

ನೋಡಿದಿರಾ ಸಹೋದರಿಯರೇ? ಇಲ್ಲಿ ಯಾವುದಕ್ಕೂ ಕಂಪ್ಯೂಟರ್ ಕೆಂಪು ಗೆರೆ ಎಳೆದು ಎಚ್ಚರಿಸುವುದಿಲ್ಲ. ಅದರ ದೃಷ್ಟಿಯಲ್ಲಿ ಇವು ತಪ್ಪುಗಳೇ ಅಲ್ಲ. ನಮ್ಮ ಮನಸ್ಸಿನಲ್ಲಿದ್ದದ್ದು ಎಂಟು ಗಂಟೆಯೋ ಎಂಟನೇ ಸಂಖ್ಯೆಯೋ ಎಂದು ಅದಕ್ಕೆ ತಿಳಿಯುವ ದಾರಿಯೂ ಇಲ್ಲ. ಅದನ್ನು ಹೇಳಬಲ್ಲವರು ಬರೆದ ನಾವೇ. ಆದ್ದರಿಂದ ಪುಟವನ್ನು ನಮ್ಮ ಕಣ್ಣಿನಿಂದಲೇ ಒಮ್ಮೆ ಓದಬೇಕು. ಈ ನಿಯಮಗಳನ್ನೆಲ್ಲ ನೆನಪಿಟ್ಟುಕೊಳ್ಳುವುದು ಕಷ್ಟ ಅನಿಸಿದರೆ ಬಿಡಿ. ಪಕ್ಕದಲ್ಲಿ ಮುನ್ನೋಟ ತೆರೆದಿದ್ದರೆ ಸಾಕು, 11 ಬರೆದಾಗ 9 ಮೂಡಿದ್ದು ಆ ಕ್ಷಣವೇ ಕಾಣುತ್ತದೆ.

ಹಳೆಯ ಕನ್ನಡ ಕಡತಗಳು

ಹತ್ತಿಪ್ಪತ್ತು ವರ್ಷಗಳ ಹಿಂದೆ ನುಡಿ, ಬರಹ ತಂತ್ರಾಂಶಗಳಲ್ಲಿ ಬೆರಳಚ್ಚು ಮಾಡಿದ ಲೇಖನಗಳು ಕೆಲವರ ಬಳಿ ಇರಬಹುದು. ಆಗ ಬಹಳಷ್ಟು ಬರಹ ಅಕ್ಷರಶೈಲಿಯನ್ನು, ಅಂದರೆ ಫಾಂಟನ್ನು ಅವಲಂಬಿಸಿ ಇರುತ್ತಿತ್ತು. ಆ ಫಾಂಟ್ ಇದ್ದರೆ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ಅಂತಹ ಬರಹವನ್ನು ತಂದು ಇಲ್ಲಿ ಅಂಟಿಸಿದರೆ ಮುನ್ನೋಟದಲ್ಲಿ ಇಂಗ್ಲಿಷ್ ಅಕ್ಷರಗಳ ಗೊಜಲು ಕಾಣಿಸುತ್ತದೆ. ನಿಮ್ಮ ಕಡತ ಹಾಳಾಯಿತೆಂದು ಅಳಿಸಿಬಿಡಬೇಡಿ! ಹಳೆಯ ಫಾಂಟಿನ ಬರಹವನ್ನು ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಯೂನಿಕೋಡ್‌ಗೆ ಬಂದ ಮೇಲೆ ಅದು ಯಾವ ಕಂಪ್ಯೂಟರಿನಲ್ಲೂ, ಯಾವ ಮೊಬೈಲಿನಲ್ಲೂ ಕನ್ನಡವಾಗಿಯೇ ಇರುತ್ತದೆ. ಪರಿವರ್ತಿಸಿದ ನಂತರ ಮಾತ್ರ ಪೂರ್ತಿ ಓದಿ. ಒತ್ತಕ್ಷರಗಳು ಅಲ್ಲಲ್ಲಿ ತಪ್ಪಾಗಿರುವುದುಂಟು.

ಮಾರ್ಕ್‌ಡೌನ್ ಕಡತದ ದೊಡ್ಡ ಗುಣವೂ ಇದೇ. ಅದು ಬರೀ ಅಕ್ಷರ. ಯಾವ ಕಂಪನಿಯ ತಂತ್ರಾಂಶ ನಿಂತುಹೋದರೂ ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದು. ಅಮ್ಮಿ ಬಾಯಲ್ಲಿ ಹೇಳುವ ಅಡುಗೆಗಳನ್ನು, ಮನೆಮದ್ದುಗಳನ್ನು ಮಕ್ಕಳ ಕಾಲಕ್ಕೂ ಉಳಿಸಬೇಕೆಂದಿರುವವರಿಗೆ ಇದಕ್ಕಿಂತ ಸರಳವಾದ ದಾರಿ ನನಗಂತೂ ಕಂಡಿಲ್ಲ.

ಯಾವುದಕ್ಕೆಲ್ಲ ಉಪಯೋಗ?

ಮನೆಯ ಲೆಕ್ಕ, ಮಕ್ಕಳ ಪಾಠದ ಟಿಪ್ಪಣಿ, ಹೊಲಿಗೆಯ ಗಿರಾಕಿಗಳ ಅಳತೆ, ಮದುವೆಯ ಸಾಮಾನಿನ ಪಟ್ಟಿ ಹೀಗೆ ಯಾವುದನ್ನೂ ಬರೆದಿಡಬಹುದು. ರಮಝಾನಿನಲ್ಲಿ ಸಹ್ರಿ ಮತ್ತು ಇಫ್ತಾರ್ ವೇಳೆಯ ಪಟ್ಟಿಯನ್ನು ಕೋಷ್ಟಕವಾಗಿ ಮಾಡಬಹುದು. ಕೋಷ್ಟಕದ ಕಾಲಂಗಳನ್ನು ನೆಟ್ಟಗಿನ ಗೆರೆಗಳಿಂದ ಬೇರ್ಪಡಿಸುತ್ತಾರೆ. ಒಂದು ಗೆರೆ ಬಿಟ್ಟುಹೋದರೂ ಒಂದು ಕಾಲಂನ ವೇಳೆ ಇನ್ನೊಂದಕ್ಕೆ ಜಾರಿಬಿಡುತ್ತದೆ. ಮುನ್ನೋಟದಲ್ಲಿ ಅದು ಥಟ್ಟನೆ ಕಣ್ಣಿಗೆ ಬೀಳುತ್ತದೆ.

ಉದ್ಯೋಗದ ದೃಷ್ಟಿಯಿಂದಲೂ ಇದು ಹೆಣ್ಣುಮಕ್ಕಳಿಗೆ ಪ್ರಯೋಜನಕಾರಿ. ತಂತ್ರಾಂಶ ಕಂಪನಿಗಳಲ್ಲಿ ಬಳಕೆದಾರರಿಗಾಗಿ ಕೈಪಿಡಿ ಬರೆಯುವ ಕೆಲಸವಿದೆ. ಅಲ್ಲಿ ಮಾರ್ಕ್‌ಡೌನ್ ಬಳಕೆ ಸಾಮಾನ್ಯ. ಹಣಕ್ಕಲ್ಲದೆ ಭಾಷೆಗಾಗಿ ಬರೆಯಬೇಕೆನ್ನುವವರಿಗೆ 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವಿದೆ. ಅಲ್ಲಿಯ ಗುರುತುಗಳು ಬೇರೆ. ದಪ್ಪ ಅಕ್ಷರಕ್ಕೆ ನಕ್ಷತ್ರದ ಬದಲು ಪದದ ಎರಡೂ ಬದಿಗೆ ಮೂರು ಮೂರು ಒಂಟಿ ಉದ್ಧರಣ ಚಿಹ್ನೆ ಹಾಕುತ್ತಾರೆ. ಆದರೆ ಉಳಿಸುವ ಮೊದಲು ಮುನ್ನೋಟ ನೋಡುವ ಗುಂಡಿ ಅಲ್ಲಿಯೂ ಇದೆ.

ಒಂದು ಮಿತಿಯನ್ನೂ ಹೇಳಿಬಿಡುತ್ತೇನೆ. ಮುನ್ನೋಟದಲ್ಲಿ ಸರಿಯಾಗಿ ಕಂಡದ್ದು ಎಲ್ಲ ಕಡೆಯೂ ಹಾಗೆಯೇ ಕಾಣುತ್ತದೆಂಬ ಖಾತ್ರಿಯಿಲ್ಲ. ಮಾರ್ಕ್‌ಡೌನ್‌ಗೆ ಹಲವು ಪ್ರಭೇದಗಳಿವೆ. ಕೋಷ್ಟಕವನ್ನು ಕೆಲವು ತಂತ್ರಾಂಶಗಳು ಅರ್ಥ ಮಾಡಿಕೊಳ್ಳುತ್ತವೆ, ಕೆಲವು ಇಲ್ಲ. ಗ್ರೂಬರ್ ಅವರ 2004ರ ಮೂಲ ರೂಪದಲ್ಲಿ ನನ್ನ ಹನಿಗಳ ಪಟ್ಟಿ 8ರಿಂದಲೂ ಅಲ್ಲ, 1ರಿಂದ ಆರಂಭವಾಗುತ್ತಿತ್ತು. ಆದ್ದರಿಂದ ಬರೆಯುವಾಗ ಮುನ್ನೋಟ ನೋಡಿ. ಕಳುಹಿಸುವ ಮೊದಲು, ಓದುವವರು ಯಾವ ರೂಪದಲ್ಲಿ ಪಡೆಯುತ್ತಾರೋ ಅದೇ ಪುಟವನ್ನು, ಸಾಧ್ಯವಾದರೆ ಮೊಬೈಲಿನಲ್ಲೂ, ಕೊನೆಯ ಬಾರಿ ತೆರೆದು ನೋಡಿ. ಔಷಧದ ಪಟ್ಟಿಯಾದರೆ ವೈದ್ಯರು ಕೊಟ್ಟ ಚೀಟಿಯನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಹೋಲಿಸಿ.

ಅಂದು ಬಸ್ಸಿನಲ್ಲಿ ಕುಳಿತೇ ಫೋನಿನಲ್ಲಿ ಹೊತ್ತುಗಳನ್ನು ಒಂದೊಂದಾಗಿ ಹೇಳಿದೆ. ಆ ಹುಡುಗಿ ಒಂದು ಹಾಳೆಯಲ್ಲಿ ಪೆನ್ನಿನಿಂದ ಬರೆದುಕೊಂಡು, ನನಗೆ ತಿರುಗಿ ಓದಿ ಹೇಳಿದಳು. "ಸರಿಯಾ ಖಾಲಾ?" ಎಂದು ಪ್ರತಿ ಸಾಲಿಗೂ ಕೇಳಿದಳು. ನಾನು ಕಂಪ್ಯೂಟರಿನಲ್ಲಿ ಮಾಡದೆ ಬಿಟ್ಟದ್ದನ್ನು ಅವಳು ಹಾಳೆಯ ಮೇಲೆ ಮಾಡಿದ್ದಳು.

ಅಮ್ಮಿಯ ಕಣ್ಣು ಈಗ ಚೆನ್ನಾಗಿದೆ. ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುತ್ತಿದ್ದವರು ಈಗ ತಾವೇ ಪೋಣಿಸಿಕೊಳ್ಳುತ್ತಾರೆ. ಅವರ ಮಾತ್ರೆಗಳ ಹೊಸ ಪಟ್ಟಿ ಅಡುಗೆಮನೆಯ ಗೋಡೆಯ ಮೇಲಿದೆ. ಅದನ್ನು ಅಂಟಿಸುವ ಮೊದಲು ಅಮ್ಮಿಯ ಕೈಗೇ ಕೊಟ್ಟು ಓದಿಸಿದೆ. ನೀವೂ ಈ ವಾರ ನಿಮ್ಮ ಮನೆಯ ಒಂದು ಪಟ್ಟಿಯನ್ನು ಹೀಗೆ ಬರೆದು ನೋಡಿ. ಎಡಗಡೆ ಬರೆಯಿರಿ, ಬಲಗಡೆ ನೋಡಿ, ಆಮೇಲೆ ಕಳುಹಿಸಿ.